ಜಲಜಳ ಕಾರಿಗೆ ಹಾಕಿದ ಎಣ್ಣೆ

ಕುಂದಾಪುರದ ಒಂದು ಆಯಿಲ್ ಅಂಗಡಿಯಲ್ಲಿ ನಾನು ಮುಕ್ಕಾಲು ಗಂಟೆ ನಿಂತಿದ್ದೆ ಎಂದರೆ ನೀವು ನಂಬಲಿಕ್ಕಿಲ್ಲ. ಸೀರೆ ಅಂಗಡಿಯಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ನಿಂತವಳಲ್ಲ ನಾನು. ಬ್ರಹ್ಮಾವರದಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಅಲ್ಲಿ ಕೌಂಟರಿನ ಆಚೆ ನಿಂತು, 'ಎಂತದಾದ್ರೂ ಒಂದ್ ಕೆಮ್ಮಿನ ಮದ್ದ್ ಕೊಡಿ' ಎಂದು ಕೇಳುವವರನ್ನು ಕಂಡು ಒಳಗೊಳಗೇ ನಗುವವಳು. 'ಎಂತದಾದ್ರೂ' ಎಂದರೆ ಆಯಿತೇ? ಒಣ ಕೆಮ್ಮೋ, ಕಫದ ಕೆಮ್ಮೋ, ಹೇಳಬೇಡವೇ? ಆ ದಿನ ಕೌಂಟರಿನ ಈಚೆ ನಿಂತವಳು ನಾನು. ಅಂಗಡಿಯವರು ಕೇಳಿದ ಪ್ರಶ್ನೆಗಳಿಗೆಲ್ಲ ಪೆದ್ದಿಯ ಹಾಗೆ ತಲೆ ಆಡಿಸುತ್ತಿದ್ದೆ.

ಗೋಡೆಯ ತುಂಬ ಡಬ್ಬಿಗಳು. ಪ್ರತಿಯೊಂದರ ಹೊಟ್ಟೆಯ ಮೇಲೂ ಎರಡೆರಡು ಸಂಖ್ಯೆ, ನಡುವೆ ಒಂದು ಡಬ್ಲ್ಯೂ. ಸೊನ್ನೆ ಡಬ್ಲ್ಯೂ ಇಪ್ಪತ್ತು, ಐದು ಡಬ್ಲ್ಯೂ ಮೂವತ್ತು, ಐದು ಡಬ್ಲ್ಯೂ ನಲವತ್ತು, ಹತ್ತು ಡಬ್ಲ್ಯೂ ಅರವತ್ತು. ಮೊದಲ ಸಂಖ್ಯೆ ಎಣ್ಣೆ ತಣ್ಣಗಿರುವಾಗ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದಕ್ಕೆ. ಅದು ಸಣ್ಣದಾದಷ್ಟೂ ಬೆಳಿಗ್ಗೆ ಕೀ ತಿರುಗಿಸಿದ ಕೂಡಲೇ ಎಣ್ಣೆ ಓಡಿ ಮೇಲೆ ಮುಟ್ಟುತ್ತದೆ. ಎರಡನೆಯದು ಇಂಜಿನ್ ಕಾದು ಕುದಿಯುವಾಗ ಎಣ್ಣೆ ಎಷ್ಟು ದಪ್ಪ ಉಳಿಯುತ್ತದೆ ಎಂಬುದಕ್ಕೆ. ನಡುವಿನ ಡಬ್ಲ್ಯೂ ಎಂದರೆ ಚಳಿಗಾಲವಂತೆ. ನಮ್ಮ ಊರಿಗೆ ಯಾವ ಚಳಿಗಾಲ ಹೇಳಿ! ಧನುರ್ಮಾಸದ ಬೆಳಿಗ್ಗೆ ಬಾಟಲಿಯ ತೆಂಗಿನೆಣ್ಣೆ ಒಂದಿಷ್ಟು ಗಟ್ಟಿಯಾದರೆ, 'ಈ ಸಲ ಚಳಿ ಜೋರು' ಎಂದು ವಾರವಿಡೀ ಮಾತಾಡುವ ಜನ ನಾವು.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಆರಿಸಲಾಗಲಿಲ್ಲ.

ಕಾರಿನ ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ. ನಲವತ್ತೈದು ದಾಟಿದ ಮೇಲೆ ಹೆಂಗಸರು ಚಿನ್ನ ಕೊಳ್ಳುತ್ತಾರೆ, ಕಾಶಿಗೆ ಹೋಗುತ್ತಾರೆ. ನಾನು ಮಣಿಪಾಲದ ಒಬ್ಬ ಡಾಕ್ಟರರು ಮಾರಲಿಟ್ಟಿದ್ದ ಟರ್ಬೊ ಇಂಜಿನ್ನಿನ ಚಿಕ್ಕ ಕಾರೊಂದನ್ನು ಕೊಂಡೆ. ನೋಡಲು ಎಲ್ಲ ಕಾರಿನ ಹಾಗೆಯೇ ಇದೆ. ಆದರೆ ಕಾಲಿಟ್ಟು ಒತ್ತಿದರೆ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತದೆ. ಪ್ರೌಢಶಾಲೆಯಲ್ಲಿ ಗಣಿತ ಹೇಳುವ ನನ್ನ ಗಂಡ ಮೊದಲ ದಿನ ಪಕ್ಕದಲ್ಲಿ ಕುಳಿತು ಸಾಸ್ತಾನದ ಟೋಲ್ ಗೇಟಿನವರೆಗೆ ಬಂದವರು, ಇಳಿದು ನೀರು ಕುಡಿದು, "ಇದ್ ಓಡುದಾ ಹಾರುದಾ?" ಎಂದು ಕೇಳಿದರು. ಮನೆಯಿಂದ ಅಂಗಡಿಗೆ ಹೋಗಿಬರುವ ಎರಡು ಕಿಲೋಮೀಟರಿಗೆ ಇಂಥ ಕಾರು ಏಕೆ ಎಂದು ಎಲ್ಲರೂ ಕೇಳಿದರು. ಎಲ್ಲರಿಗೂ ಒಂದೊಂದು ಸುಳ್ಳು ಹೇಳಿದೆ. ನಿಜವನ್ನು ನನಗೇ ಹೇಳಿಕೊಂಡಿರಲಿಲ್ಲ.

ಆಯಿಲ್ ಅಂಗಡಿಯವರಿಗೆ ನನ್ನನ್ನು ಕಂಡು ಕನಿಕರ ಬಂದಿರಬೇಕು.

"ಅಕ್ಕ, ಓಡ್ಸುದ್ ಯಾರ್?"

"ನಾನೇ."

"ಹಂಗಾರೆ ಇಷ್ಟೆಲ್ಲ ತಲಿಬಿಸಿ ಎಂತಕ್ಕೆ ಮಾರಾಯ್ರೆ? ನಮ್ ಸೆಕೆಗೆ ದಪ್ಪದ್ದೇ ಲಾಯ್ಕ್. ಇದ್ ಹಾಕಿ, ಕಣ್ಮುಚ್ಚಿ ಓಡ್ಸಿ."

ಅವರು ಕೌಂಟರಿನ ಮೇಲೆ ಇಟ್ಟದ್ದು ಇಪ್ಪತ್ತು ಡಬ್ಲ್ಯೂ ನಲವತ್ತರ ಡಬ್ಬಿ. ಜೀಪಿಗೆ, ಟೆಂಪೋಗೆ ಹಾಕುವ ಎಣ್ಣೆ. ಟೆಂಪೋಗೆ ಅದು ಒಳ್ಳೆಯದೇ. ಆದರೆ ಆ ಸಂಖ್ಯೆ ಕಂಡದ್ದೇ ನನ್ನ ಕೈ ತಾನಾಗಿ ಹಿಂದೆ ಬಂತು. "ಬೇಡ," ಎಂದೆ. ದನಿ ಸ್ವಲ್ಪ ಜೋರಾಯಿತೇನೋ. ಅವರು ನನ್ನ ಮುಖ ನೋಡಿದರು.

ಆ ಡಬ್ಬಿಯ ಕತೆ ಹೇಳಬೇಕಾದರೆ ಜಲಜಳ ಕತೆ ಹೇಳಬೇಕು.

ಜಲಜ ಗಂಗೊಳ್ಳಿಯವಳು. ಅವಳ ಅಪ್ಪನಿಗೆ ಮೀನು ಸಾಗಿಸುವ ಎರಡು ಟೆಂಪೋಗಳಿದ್ದವು. ನಾನು ಕುಂಭಾಶಿಯವಳು, ನನ್ನ ಅಪ್ಪನಿಗೆ ಆನೆಗುಡ್ಡೆ ದೇವಸ್ಥಾನದ ಹಾದಿಯಲ್ಲಿ ಹಣ್ಣುಕಾಯಿ ಅಂಗಡಿ. ಕುಂದಾಪುರದ ಕಾಲೇಜಿನಲ್ಲಿ ಒಂದೇ ಬೆಂಚು. ನಾನು ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ನೀರೆಷ್ಟಿದೆ ಎಂದು ಹೇಳುತ್ತಿದ್ದೆ. ಅವಳು ದೂರದಲ್ಲಿ ಬರುವ ಬಸ್ಸಿನ ಸದ್ದು ಕೇಳಿ ಅದರ ಯಾವ ಬೇರಿಂಗ್ ಹೋಗಿದೆ ಎಂದು ಹೇಳುತ್ತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿಕೊಳ್ಳಲು ಅಷ್ಟು ಸಾಕಾಯಿತು. ನಾನು ಫಾರ್ಮಸಿ ಓದಿ ಕೋಟೇಶ್ವರದ ಔಷಧದ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದೆ. ಅವಳು ಅಪ್ಪನ ಟೆಂಪೋಗಳನ್ನು ನೋಡಿಕೊಂಡಳು. ನೋಡಿಕೊಂಡಳು ಎಂದರೆ, ಡ್ರೈವರ್ ಬಾರದ ದಿನ ಮಂಜುಗಡ್ಡೆಯ ಮೇಲೆ ಬಂಗುಡೆ ಹೇರಿಕೊಂಡು ತಾನೇ ಮಂಗಳೂರಿಗೆ ಹೊರಡುತ್ತಿದ್ದಳು.

ಅವಳಿಗೆ ವೇಗದ ಹುಚ್ಚು. ಬೈಂದೂರಿನ ಒಬ್ಬರ ಹಿತ್ತಿಲಲ್ಲಿ, ಗೇರು ಮರದ ಬುಡದಲ್ಲಿ, ಒಂದು ಹಳೆಯ ಪೆಟ್ರೋಲ್ ಕಾರು ಬಿದ್ದಿತ್ತು. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಟ್ಟು ಕುಳಿತಿತ್ತು. ಜಲಜ ಅದನ್ನು ಕೊಂಡು, ಕೋಳಿಯನ್ನು ಅವರಿಗೇ ಬಿಟ್ಟು, ಕಾರನ್ನು ಬ್ರಹ್ಮಾವರದ ಡೆನ್ನಿಸಣ್ಣನ ಗ್ಯಾರೇಜಿಗೆ ಎಳೆಸಿಕೊಂಡು ಬಂದಳು. ಡೆನ್ನಿಸಣ್ಣ ಅದರ ಹೊಟ್ಟೆ ಬಿಚ್ಚಿ ಒಳಗೆ ಏನೇನು ಮಾಡಿದರೋ, ಒಂದು ವರ್ಷದ ಮೇಲೆ ಆ ಕಾರು ಕೂಗಿದ ಕೂಗಿಗೆ ಅಕ್ಕಪಕ್ಕದ ಗದ್ದೆಯ ಕೊಕ್ಕರೆಗಳೆಲ್ಲ ಎದ್ದು ಹಾರಿದವು.

ಭಾನುವಾರಗಳೆಲ್ಲ ಆ ಗ್ಯಾರೇಜಿನಲ್ಲಿ. ನನಗೆ ಸ್ಪ್ಯಾನರು ಹಿಡಿಯಲು ಬಾರದು. ಟಯರು ಬಿಚ್ಚುವಷ್ಟು ತೋಳಿನಲ್ಲಿ ಬಲವೂ ಇಲ್ಲ. ಹಾಗಾಗಿ ಜಲಜ ನನಗೆ ಎಣ್ಣೆಯ ಖಾತೆ ಕೊಟ್ಟಳು. "ನೀನ್ ಅಳ್ತಿ ತಪ್ಪುದಿಲ್ಲೆ. ಚೆಲ್ಲುದೂ ಇಲ್ಲೆ. ಆಯಿಲ್ ನಿನ್ ಕೆಲ್ಸ," ಎಂದಳು. ಮಂತ್ರಿಮಂಡಲದಲ್ಲಿ ಕೊನೆಯ ಖಾತೆಯಾದರೂ ಖಾತೆ ಖಾತೆಯೇ. ನಾನು ಡೆನ್ನಿಸಣ್ಣನ ಹತ್ತಿರ ಪಾಠಕ್ಕೆ ಕುಳಿತೆ.

ಅವರು ಕಿಟಕಿಯ ಗಾಜೊಂದನ್ನು ಓರೆಯಾಗಿ ನಿಲ್ಲಿಸಿ, ಮೇಲಿನಿಂದ ನಾಲ್ಕು ಬಗೆಯ ಎಣ್ಣೆಯನ್ನು ಒಂದೊಂದು ಹನಿ ಬಿಟ್ಟು ಓಡಿಸುತ್ತಿದ್ದರು. "ಕಾಣ್, ತೆಳೂದ್ ಬೇಗ ಹೋಯಿ ಮುಟ್ತ್. ದಪ್ಪದ್ದ್ ಕೂತಲ್ಲೇ ಕೂಕಂತ್. ಕೂಕಂಬುದೂ ಬೇಕ್, ಓಡುದೂ ಬೇಕ್," ಎನ್ನುತ್ತಿದ್ದರು. ಗಂಜಿಯ ತೆಳಿಯ ಹಾಗೆ ಅತಿ ತೆಳುವಾದರೆ ಬಿಸಿಯಲ್ಲಿ ಎಣ್ಣೆಯ ಪೊರೆ ಹರಿದು ಲೋಹಕ್ಕೆ ಲೋಹ ತಾಗುತ್ತದೆ. ಜೋನಿಬೆಲ್ಲದ ಹಾಗೆ ಅತಿ ದಪ್ಪವಾದರೆ ಇಂಜಿನ್ನಿನ ಅರ್ಧ ಶಕ್ತಿ ಎಣ್ಣೆಯನ್ನು ತಳ್ಳುವುದರಲ್ಲೇ ಹೋಗುತ್ತದೆ. ಊರಿನ ಕಾರಿಗೆ ಪುಸ್ತಕದಲ್ಲಿ ಬರೆದದ್ದು ಸಾಕು. ಆದರೆ ಜಲಜಳ ಕಾರು ಮಣ್ಣಿನ ಟ್ರ್ಯಾಕಿನಲ್ಲಿ, ಒಂದೇ ಉಸಿರಿನಲ್ಲಿ, ಮುಳ್ಳು ಕೆಂಪು ಗೆರೆ ಮುಟ್ಟಿಕೊಂಡೇ ಓಡುವುದು. ಅದಕ್ಕೆ ಐದು ಡಬ್ಲ್ಯೂ ಐವತ್ತು, ಪೂರ್ತಿ ಸಿಂಥೆಟಿಕ್, ಬೇರೆ ಯಾವುದೂ ಬೇಡ ಎಂದು ಡೆನ್ನಿಸಣ್ಣ ಮೂರು ಸಲ ಹೇಳಿದರು. ನಾನು ಔಷಧದ ಚೀಟಿಯ ಹಿಂದೆ ಬರೆದುಕೊಂಡೆ. ಅದು ಆಗ ನಮ್ಮ ಕಡೆ ಸಿಗುತ್ತಿರಲಿಲ್ಲ. ಮಂಗಳೂರಿನಿಂದ ಬಸ್ಸಿನಲ್ಲಿ ಪಾರ್ಸೆಲ್ ಬರಬೇಕು.

ಆ ದಿನಗಳನ್ನು ನೆನೆಸಿಕೊಂಡರೆ ಈಗಲೂ ಮೊದಲು ನೆನಪಾಗುವುದು ಕೈ. ಎರಡು ಬೆರಳ ನಡುವೆ ಎಣ್ಣೆ ಹಾಕಿ ಉಜ್ಜಿ, ಬೆಳಕಿಗೆ ಹಿಡಿದು, 'ಇನ್ನ್ ಎರಡ್ ಓಟ ಬತ್ತ್' ಎಂದು ನಾನು ತೀರ್ಪು ಕೊಡುವುದು. ಜಲಜ ತನ್ನ ಎಣ್ಣೆಗೈಯನ್ನು ನನ್ನ ಚೂಡಿದಾರದ ವೇಲಿಗೆ ಒರೆಸಿ ಏನೂ ಆಗದವಳ ಹಾಗೆ ಆಚೆ ಹೋಗುವುದು. ಅಮ್ಮ ಬೈಯುತ್ತಿದ್ದರು. ಆ ವೇಲುಗಳ ಕರೆ ಯಾವ ಸೋಪಿಗೂ ಹೋಗುತ್ತಿರಲಿಲ್ಲ.

ಬೈಂದೂರಿನಾಚೆಯ ಕೆಂಪು ಮುರಕಲ್ಲು ಬಯಲಿನಲ್ಲಿ ವರ್ಷಕ್ಕೊಮ್ಮೆ ಕಾರಿನ ಓಟದ ಸ್ಪರ್ಧೆ ನಡೆಯುತ್ತಿತ್ತು. ಹೆಂಗಸರ ವಿಭಾಗದಲ್ಲಿ ಜಲಜ ಮೊದಲ ವರ್ಷ ಮೂರನೆಯವಳಾದಳು, ಮರುವರ್ಷ ಎರಡನೆಯವಳು. ಮೂರನೆಯ ವರ್ಷ ಕೊಯಮತ್ತೂರಿನ ತಂಡವೊಂದರವರು ನೋಡಲು ಬರುತ್ತಾರೆ ಎಂಬ ಸುದ್ದಿ ಬಂತು. ಗೆದ್ದವಳಿಗೆ ಅವರ ಕಾರು ಓಡಿಸುವ ಅವಕಾಶ. ಜಲಜ ಆ ತಿಂಗಳಿಡೀ ಸರಿಯಾಗಿ ಊಟ ಮಾಡಲಿಲ್ಲ.

ಸ್ಪರ್ಧೆಯ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಬಸ್ಸಿನಲ್ಲಿ ಎಣ್ಣೆ ಬರಬೇಕಿತ್ತು. ಕುಂಭಾಶಿಯಲ್ಲಿ ನಾನು ರಸ್ತೆಗೆ ಬಂದು ಇಳಿಸಿಕೊಳ್ಳುವುದೆಂದು ಮಾತಾಗಿತ್ತು. ಅದೇ ಮಧ್ಯಾಹ್ನ ನನ್ನನ್ನು ನೋಡಲು ಬ್ರಹ್ಮಾವರದಿಂದ ಒಬ್ಬರು ಬರುವವರಿದ್ದರು.

ಇದನ್ನು ನಾನು ಜಲಜಳಿಗೆ ಹೇಳಿರಲಿಲ್ಲ. ಏಕೆ ಹೇಳಲಿಲ್ಲ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಅವಳು ನಗುತ್ತಾಳೆಂದಲ್ಲ. ಒಂದು ಸಲ ಬಾಯಿಬಿಟ್ಟು ಹೇಳಿದರೆ ನಮ್ಮ ಭಾನುವಾರಗಳು ಅಲ್ಲಿಗೆ ಮುಗಿಯುತ್ತವೆ ಎಂದು ಹೆದರಿಕೆ. ಹೇಳದಿದ್ದರೆ ಮುಗಿಯುವುದಿಲ್ಲ ಎಂಬ ದಡ್ಡ ನಂಬಿಕೆಯೂ ಇತ್ತು.

ಬಂದವರು ಜಗಲಿಯಲ್ಲಿ ಕುಳಿತಿದ್ದರು. ನಾನು ಕಾಫಿಯ ತಟ್ಟೆ ಹಿಡಿದು ಹೊರಗೆ ಬಂದೆ. ಹುಡುಗ ಮೆಲ್ಲಗೆ, "ನಿಮ್ಮ ಹವ್ಯಾಸ ಎಂತ?" ಎಂದು ಕೇಳಿದರು. ಉಗುರಿನ ಸಂದಿಯ ಕಪ್ಪನ್ನು ತಟ್ಟೆಯ ಅಡಿಯಲ್ಲಿ ಬಚ್ಚಿಟ್ಟುಕೊಂಡು, "ರಂಗೋಲಿ," ಎಂದೆ. ಅದೇ ಹೊತ್ತಿಗೆ ರಸ್ತೆಯಲ್ಲಿ ಬಸ್ಸಿನ ಹಾರ್ನು ಕೇಳಿತು. ಒಂದು ಸಲ. ಎರಡು ಸಲ. "ಹ್ವಾಯ್, ಪಾರ್ಸೆಲ್!" ಎಂದು ಕಂಡಕ್ಟರು ಕೂಗಿದ್ದೂ ಕೇಳಿತು. ಅಮ್ಮ ಕಣ್ಣಿನಲ್ಲೇ ಕುಳಿತುಕೋ ಎಂದರು. ಮೂರನೆಯ ಹಾರ್ನಿನ ಮೇಲೆ ಬಸ್ಸು ಹೋಯಿತು.

ಅವರೆಲ್ಲ ಹೋಗುವಷ್ಟರಲ್ಲಿ ಸಂಜೆಯಾಗಿತ್ತು. ಗ್ಯಾರೇಜಿನಿಂದ ಜಲಜಳ ಫೋನು: "ಆಯಿಲ್ ಬಂತಾ?" ನಾನು "ಬಂತ್" ಎಂದೆ. ಆ ಒಂದು ಮಾತು ಹೇಗೆ ಬಾಯಿಂದ ಹೊರಬಿತ್ತೋ ನನಗೆ ಇಂದಿಗೂ ಗೊತ್ತಿಲ್ಲ. ಬರಲಿಲ್ಲ ಎಂದರೆ ಏಕೆ ಎಂದು ಕೇಳುತ್ತಾಳೆ. ಏಕೆ ಎಂದರೆ ಎಲ್ಲವನ್ನೂ ಹೇಳಬೇಕಾಗುತ್ತದೆ. ಹೆದ್ದಾರಿಯ ಬದಿಯಲ್ಲಿ ಲಾರಿಯವರಿಗೆ ಎಣ್ಣೆ ಮಾರುವ ಅಂಗಡಿಗೆ ಹೋಗಿ ಇಪ್ಪತ್ತು ಡಬ್ಲ್ಯೂ ನಲವತ್ತು ತೆಗೆದುಕೊಂಡೆ. ಮನೆಯ ಹಿಂದೆ ಬಂದು, ಕಳೆದ ಸಲದ ಖಾಲಿ ಸಿಂಥೆಟಿಕ್ ಡಬ್ಬಿಗೆ ಅದನ್ನು ಸುರಿದೆ. ಒಂದು ಹನಿಯೂ ಚೆಲ್ಲಲಿಲ್ಲ.

ಡೆನ್ನಿಸಣ್ಣ ಶನಿವಾರ ಸಂಜೆ ಇಗರ್ಜಿಗೆ ಹೋಗಿದ್ದರು. ಜಲಜ ಟಯರಿನ ಗಾಳಿ ನೋಡುತ್ತಿದ್ದಳು. ನನ್ನ ಕೈಯಿಂದಲೇ ಇಂಜಿನ್ನಿಗೆ ಎಣ್ಣೆ ಸುರಿದೆ, ಕಡ್ಡಿ ಎಳೆದು ಮಟ್ಟ ನೋಡಿದೆ, ಮುಚ್ಚಳ ಹಾಕಿದೆ.

"ಸಮಾ ಇತ್ತಾ?" ಎಂದಳು ಅವಳು, ತಲೆ ಎತ್ತದೆ.

"ಸಮಾ ಇತ್ತ್."

ಭಾನುವಾರ ಬಯಲಿನ ತುಂಬ ಜನ. ಮೊದಲ ಎರಡು ಓಟ ಚೆನ್ನಾಗಿಯೇ ಆಯಿತು. ಎರಡನೆಯದರಲ್ಲಂತೂ ಜಲಜ ಎಲ್ಲರಿಗಿಂತ ಮುಂದಿದ್ದಳು. ನಾನು ಒಳಗೊಳಗೇ ಆನೆಗುಡ್ಡೆಯ ಗಣಪತಿಗೆ ಹರಕೆಯ ಮೇಲೆ ಹರಕೆ ಹೊರುತ್ತಿದ್ದೆ. ಒಂದು ಎಣ್ಣೆಗೆ ಇನ್ನೊಂದು ಎಣ್ಣೆಗೆ ಏನು ಮಹಾ ವ್ಯತ್ಯಾಸ, ಎಲ್ಲ ಕಂಪನಿಯವರ ವ್ಯಾಪಾರದ ಮಾತು ಎಂದು ಸಮಾಧಾನ ಮಾಡಿಕೊಂಡೆ. ಕೊನೆಯ ಓಟದಲ್ಲಿ, ಬಯಲಿನ ಆ ತುದಿಯ ಉದ್ದ ತಿರುವಿನಲ್ಲಿ, ಇಂಜಿನ್ನಿನ ಸದ್ದು ಬದಲಾಯಿತು. ಬಾವಿಯ ರಾಟೆಗೆ ಕಲ್ಲು ಸಿಕ್ಕಿಕೊಂಡ ಹಾಗೆ ಟಕಟಕ ಟಕಟಕ. ಆಮೇಲೆ ಒಂದು ದೊಡ್ಡ ಸದ್ದು. ಆಮೇಲೆ ಹೊಗೆ, ಕೆಂಪು ಧೂಳು. ಸದ್ದೇ ಇಲ್ಲ.

ನಾವು ಓಡಿ ಹೋದೆವು. ಇಂಜಿನ್ನಿನ ಬದಿಯಲ್ಲಿ ಮುಷ್ಟಿ ಗಾತ್ರದ ತೂತು. ಒಳಗಿನ ರಾಡು ಮುರಿದು ಹೊರಗೆ ಇಣುಕಿತ್ತು. ಜಲಜ ಹೆಲ್ಮೆಟ್ ತೆಗೆದು ಬಾನೆಟ್ಟಿನ ಮೇಲಿಟ್ಟಳು. ಅಳಲಿಲ್ಲ. ನನ್ನ ಕಡೆ ತಿರುಗಿ, "ನಾನೇ ಜಾಸ್ತಿ ಎಳ್ದೆ ಕಾಣತ್," ಎಂದಳು.

ಡೆನ್ನಿಸಣ್ಣ ಬಗ್ಗಿ ನೆಲಕ್ಕೆ ಸುರಿದಿದ್ದ ಎಣ್ಣೆಯನ್ನು ಬೆರಳಿಗೆ ತಾಗಿಸಿಕೊಂಡರು. ಉಜ್ಜಿದರು. ಮೂಸಿದರು. ಆಮೇಲೆ ನನ್ನ ಮುಖ ನೋಡಿದರು. ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಎದ್ದು ಹೋದರು. ಅವರು ಬೈದಿದ್ದರೆ ನಾನು ಬದುಕುತ್ತಿದ್ದೆ ಎಂದು ಎಷ್ಟೋ ಸಲ ಅನಿಸಿದೆ. ಈಗ ಅವರೂ ಇಲ್ಲ.

ಸೋಮವಾರ ಬೆಳಿಗ್ಗೆ ಕಂಡಕ್ಟರು ಪಾರ್ಸೆಲ್ ತಂದುಕೊಟ್ಟು, "ಮೊನ್ನೆ ಎಷ್ಟ್ ಹಾರ್ನ್ ಹೊಡ್ದೆ ಮಾರಾಯ್ತಿ, ಕಿವಿ ಕೇಂತಿಲ್ಯಾ?" ಎಂದರು. ಅದನ್ನು ಅಪ್ಪನ ಅಂಗಡಿಯ ಅಟ್ಟದಲ್ಲಿ, ಕಾಯಿಸಿಪ್ಪೆಯ ರಾಶಿಯ ಹಿಂದೆ ತಳ್ಳಿದೆ. ಆಮೇಲೆ ಅದು ಎಲ್ಲಿ ಹೋಯಿತೋ ತಿಳಿಯದು.

ಎರಡು ತಿಂಗಳಿಗೆ ನನ್ನ ಮದುವೆ. ರಂಗೋಲಿಯ ಸುಳ್ಳನ್ನು ನಂಬಿದ ಮೇಷ್ಟರನ್ನೇ ಮದುವೆಯಾಗಿ ಬ್ರಹ್ಮಾವರಕ್ಕೆ ಬಂದೆ. ಒಳ್ಳೆಯ ಮನುಷ್ಯ, ಅವರ ಮೇಲೆ ನನ್ನದೇನೂ ದೂರಿಲ್ಲ. ಜಲಜಳನ್ನು ನೋಡಲು ನಾಳೆ ಹೋದರಾಯಿತು, ಹಬ್ಬ ಕಳೆಯಲಿ, ಮಗುವಾಗಲಿ, ಮಗು ದೊಡ್ಡದಾಗಲಿ ಎಂದು ಮುಂದೂಡುತ್ತ ಹೋದೆ. ಹೆದ್ದಾರಿಯಲ್ಲಿ ಅವಳ ಮೀನಿನ ಗಾಡಿಗಳು ದಾಟಿ ಹೋಗುತ್ತಿದ್ದವು. ಅವುಗಳ ಹಿಂಬದಿಯಲ್ಲಿ ಅವಳ ಅಪ್ಪನ ಹೆಸರು. ಕೆಲವು ವರ್ಷದ ಮೇಲೆ ಅವಳದೇ ಹೆಸರು ಬಂತು. ಕಂಡಾಗಲೆಲ್ಲ ನಾನು ಅಂಗಡಿಯೊಳಗೆ ಸರಿದು ಮಾತ್ರೆಯ ಡಬ್ಬಿಗಳನ್ನು ಹುಡುಕುತ್ತಿದ್ದೆ. ಹೆದ್ದಾರಿ ನಾಲ್ಕು ಪಥವಾಯಿತು, ಊರುಗಳ ಗುರುತು ಬದಲಾಯಿತು. ಹದಿನೆಂಟು ವರ್ಷ. ಬ್ರಹ್ಮಾವರದಿಂದ ಗಂಗೊಳ್ಳಿಗೆ ಇರುವ ದಾರಿ ಒಂದು ಗಂಟೆಯದ್ದೂ ಅಲ್ಲ.

ಆ ದಿನ ಆಯಿಲ್ ಅಂಗಡಿಯಿಂದ ನಾನು ಏನನ್ನೂ ಕೊಳ್ಳದೆ ಹೊರಗೆ ಬಂದೆ. ಮನೆಗೆ ಹೋಗಲು ಕಾರನ್ನು ತೆಂಕಣಕ್ಕೆ ತಿರುಗಿಸಬೇಕಿತ್ತು. ಬಡಗಣಕ್ಕೆ, ಗಂಗೊಳ್ಳಿಯ ಕಡೆಗೆ ತಿರುಗಿಸಿದೆ. ಸೇತುವೆಗಳು ದಾಟಿದವು, ಹೆಮ್ಮಾಡಿ ದಾಟಿತು. ತ್ರಾಸಿಯಲ್ಲಿ ಎಡಕ್ಕೆ ಹೊರಳುವಾಗ ಒಮ್ಮೆ ವಾಪಸು ಹೋಗಿಬಿಡೋಣ ಎನಿಸಿತು. ಕಾಲು ಬ್ರೇಕಿನ ಮೇಲಿತ್ತು. ಹಿಂದಿನ ಬಸ್ಸಿನವರು ಹಾರ್ನು ಹೊಡೆದರು. ಹೊರಳಿದೆ.

ಬಂದರಿನಲ್ಲಿ ಅವಳ ಗಾಡಿಗೆ ಮಂಜುಗಡ್ಡೆ ತುಂಬಿಸುತ್ತಿದ್ದರು. ಮೊಣಕಾಲವರೆಗಿನ ರಬ್ಬರ್ ಬೂಟು ಹಾಕಿಕೊಂಡು, ಅರ್ಧ ನರೆತ ಕೂದಲನ್ನು ಎತ್ತಿ ಕಟ್ಟಿಕೊಂಡು, ಕೆಲಸದವರಿಗೆ ಕೂಗಿ ಹೇಳುತ್ತಿದ್ದವಳು ಕಾರಿನ ಸದ್ದಿಗೆ ತಿರುಗಿದಳು. ಮೊದಲು ಕಾರನ್ನು ನೋಡಿದಳು. ಮತ್ತೆ ನನ್ನನ್ನು.

"ಯಾರ್? ವನಿಯಾ?"

"ಹೌದ್."

"ದಪ್ಪ ಆಯ್ದೆ," ಎಂದಳು. ಹದಿನೆಂಟು ವರ್ಷದ ಮೇಲೆ ಮೊದಲ ಮಾತು.

ನಾನು ಕುಶಲ ಕೇಳಲಿಲ್ಲ. ಕೇಳಲು ಹೊರಟರೆ ಅದರಲ್ಲೇ ತಪ್ಪಿಸಿಕೊಂಡು ಬಂದುಬಿಡುತ್ತೇನೆಂದು ನನಗೆ ಗೊತ್ತಿತ್ತು. ನಿಂತ ನಿಲುವಿನಲ್ಲೇ ಹೇಳಿದೆ. "ಜಲಜ, ಬೈಂದೂರಂಗೆ ಇಂಜಿನ್ ಹೋಯ್ತಲ್ದಾ, ಆ ದಿನ ನಾನ್ ಹಾಕಿದ್ದ್ ಐದ್-ಐವತ್ತ್ ಅಲ್ಲ. ಪಾರ್ಸೆಲ್ ನಂಗೆ ಸಿಕ್ಕಿರ್ಲಿಲ್ಲೆ. ಟೆಂಪೋ ಆಯಿಲ್ ತಂದ್ ಹಳೀ ಡಬ್ಬಿಗೆ ಹೊಯ್ದ್ ಹಾಕ್ದೆ. ನಿನ್ ಹತ್ರ ಸುಳ್ ಹೇಳ್ದೆ." ಹೆಣ್ಣು ನೋಡಲು ಬಂದದ್ದು, ಹಾರ್ನು, ರಂಗೋಲಿ, ಎಲ್ಲವನ್ನೂ ಹೇಳಿದೆ.

ಅವಳು ಕೈಗವಸು ಬಿಚ್ಚಿ, ಮಗುಚಿಟ್ಟಿದ್ದ ಮೀನಿನ ಕ್ರೇಟಿನ ಮೇಲೆ ಕುಳಿತಳು.

"ಎಷ್ಟರದ್ದ್?"

"ಇಪ್ಪತ್ತ್-ನಲ್ವತ್ತ್."

ಸ್ವಲ್ಪ ಹೊತ್ತು ಲೆಕ್ಕ ಹಾಕುವವಳ ಹಾಗೆ ನೀರಿನ ಕಡೆ ನೋಡಿದಳು. "ಅಷ್ಟ್ ಬಿಸಿಗೆ ಅದ್ ನಿಲ್ಲುದಿಲ್ಲೆ, ಖರೆ. ಆರೆ ಆ ತಿರುವಂಗೆ ನಾನೂ ಗೇರ್ ಬದ್ಲ್ ಮಾಡದೆ ಎಳ್ದಿದ್ದೆ. ಯಾವ್ದರಿಂದ ಹೋಯ್ತೋ, ಈಗ ಯಾರ್ ಹೇಳುಕ್ ಆತ್ತ್?"

"ನನ್ನಿಂದ್ಲೇ," ಎಂದೆ.

"ಆಯ್ತ್, ನಿನ್ನಿಂದ್ಲೇ. ಆಯ್ತಾ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ ಎಂದರೆ ಸುಳ್ಳಾದೀತು. "ಅಂಥಾ ಇಂಜಿನ್ ನಂಗೆ ಮತ್ತೆ ಸಿಕ್ಕಲಿಲ್ಲೆ. ಕೊಯಮತ್ತೂರಿನವ್ರೂ ಮತ್ತೆ ಬರ್ಲಿಲ್ಲೆ. ನೆನ್ಪಾರೆ ಈಗ್ಳೂ ಹೊಟ್ಟಿ ಉರಿತ್ತ್. ಆರೆ ನಂಗೆ ಬೇಜಾರ್ ಆದ್ದ್ ಅದಲ್ಲ, ವನಿ."

ಮಂಜುಗಡ್ಡೆ ತುಂಬಿಸುತ್ತಿದ್ದವರು ಏನೋ ಕೇಳಿದರು. ಅವಳು ಕೈಯೆತ್ತಿ ತಾಳಿ ಎಂದಳು.

"ನಿನ್ ಮದಿ ಕಾಗ್ದ ನಂಗೆ ಪೋಸ್ಟಂಗೆ ಬಂತ್. ಕುಂಭಾಶಿಂದ ಗಂಗೊಳ್ಳಿಗೆ, ಪೋಸ್ಟ್! ಅಮ್ಮ ಕೇಂಡ್ರ್, ಎಂತ, ವನಿ ಬರ್ಲಿಲ್ಯಾ ಹೇಳುಕೆ? ನಾನೆಂತ ಹೇಳುದ್? ಇಂಜಿನ್ ಹಾಳ್ ಮಾಡ್ದೆ ಅಂದೇಳಿ ನಿಂಗೆ ನನ್ ಮೇಲೆ ಸಿಟ್ಟ್ ಅಂದೇಳಿ ಎಣ್ಸಿದ್ದೆ. ಅಷ್ಟ್ ಆದಿತ್ಯವಾರ ನೀನ್ ಬಂದ್ ಮೈಯೆಲ್ಲ ಎಣ್ಣಿ ಮಾಡ್ಕಂಡದ್ದ್ ಎಲ್ಲ ಹಾಳಾಯ್ತ್ ಅಂದೇಳಿ. ಒಂದ್ ವರ್ಷ ಕಾದೆ. ಎರಡ್ ವರ್ಷ ಕಾದೆ. ಮತ್ತೆ ಕಾಯುಕೆ ಪುರ್ಸೊತ್ ಸಿಕ್ಕಲಿಲ್ಲೆ."

ಹದಿನೆಂಟು ವರ್ಷ ನಾನು ಎಣ್ಣೆಯ ಲೆಕ್ಕ ಹಾಕಿದ್ದೆ. ದಪ್ಪವೋ ತೆಳುವೋ, ಎಷ್ಟು ಬಿಸಿಗೆ ಎಷ್ಟು ಹೊತ್ತು ತಾಳಿತೋ ಎಂದು ಓದಿ ಓದಿ ತಲೆಯಲ್ಲಿ ತುಂಬಿಕೊಂಡಿದ್ದೆ. ಪೋಸ್ಟಿಗೆ ಹಾಕಿದ ಆ ಮದುವೆಯ ಕಾಗದ ನನಗೆ ನೆನಪೂ ಇರಲಿಲ್ಲ. ವಿಳಾಸ ಬರೆದದ್ದು ನಾನೇ. ನನ್ನದೇ ಅಕ್ಷರದಲ್ಲಿ.

ನಾನು ಅತ್ತೆ. ಮೀನು ಹೇರುವವರ ಎದುರಿಗೇ ಅತ್ತೆ. ಅವಳು ತಡೆಯಲಿಲ್ಲ, ಹತ್ತಿರವೂ ಬರಲಿಲ್ಲ. ಒಂದಿಷ್ಟು ಹೊತ್ತು ಬಿಟ್ಟು ಎದ್ದು ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿದಳು. ಟಯರನ್ನು ಬೂಟಿನಿಂದ ಒತ್ತಿದಳು. ಬಾನೆಟ್ ತೆಗೆಸಿ, ಎಣ್ಣೆಯ ಕಡ್ಡಿ ಎಳೆದು, ಬೆರಳಿಗೆ ಹಚ್ಚಿ ಉಜ್ಜಿದಳು.

"ಎಂತ ಹಾಕ್ತೆ ಇದ್ಕೆ?"

"ಅದೇ ಗೊತ್ತಾತಿಲ್ಲೆ. ಪುಸ್ತಕದಂಗೆ ಸೊನ್ನೆ-ಮೂವತ್ತೂ ಇತ್ತ್, ಐದ್-ನಲ್ವತ್ತೂ ಇತ್ತ್. ಅಂಗಡಿಯವ್ರ್ ಬೇರೆ ಹೇಳ್ತ್ರ್."

"ಕೀ ಕೊಡ್," ಎಂದಳು.

ಬೂಟು ಕಳಚಿ, ಬರಿಗಾಲಲ್ಲಿ ಹತ್ತಿ ಕುಳಿತಳು. ಸೀಟನ್ನು ಮುಂದಕ್ಕೆ ಎಳೆದುಕೊಂಡಳು. ನಾನು ಪಕ್ಕದ ಬಾಗಿಲಿನ ಹತ್ತಿರ ಹೋದೆ. ಅವಳು ಬಾ ಎನ್ನಲಿಲ್ಲ. ನಾನೂ ಕೇಳಲಿಲ್ಲ. ಮೆಲ್ಲಗೆ ಹಿಂದಕ್ಕೆ ತೆಗೆದು, ಕ್ರೇಟುಗಳ ನಡುವಿನಿಂದ ನೂಲು ಎಳೆದ ಹಾಗೆ ತೂರಿಸಿಕೊಂಡು ಹೊರಟುಹೋದಳು.

ಅವಳು ಕುಳಿತಿದ್ದ ಕ್ರೇಟಿನ ಮೇಲೆ ನಾನು ಕುಳಿತೆ. ಊರು ದಾಟುವವರೆಗೆ ಸದ್ದೇ ಇರಲಿಲ್ಲ. ಆಮೇಲೆ ತ್ರಾಸಿಯ ರಸ್ತೆಯ ಕಡೆಯಿಂದ ಕೇಳಿಸಿತು. ಎರಡನೇ ಗೇರು, ಮೂರನೆಯದು, ಉದ್ದಕ್ಕೆ ಏರುವ ಒಂದು ಕೂಗು. ನನ್ನ ಕಾರಿಗೆ ಅಂಥ ದನಿ ಇದೆಯೆಂದು ನನಗೇ ಗೊತ್ತಿರಲಿಲ್ಲ. ನಾನು ಅದನ್ನು ಒಂದು ಸಲವೂ ಅಷ್ಟು ಕೂಗಿಸಿರಲಿಲ್ಲ. ಸದ್ದು ಸಣ್ಣದಾಗುತ್ತ ಹೋಯಿತು. ಆಮೇಲೆ ದೋಣಿಗಳ ಇಂಜಿನ್ನಿನ ಸದ್ದು ಮಾತ್ರ. ಅವಳು ಹೋದದ್ದು ಹತ್ತು ನಿಮಿಷವೋ, ಅರ್ಧ ಗಂಟೆಯೋ. ನನಗೆ ಕಾಯುವುದು ಹೇಗಿರುತ್ತದೆ ಎಂದು ಗೊತ್ತಾಯಿತು.

ಬಂದು ನಿಲ್ಲಿಸಿದಾಗ ಅವಳ ಕೂದಲು ಬಿಚ್ಚಿತ್ತು, ಕೆನ್ನೆ ಕೆಂಪಾಗಿತ್ತು. ಇಂಜಿನ್ ಕೂಡಲೇ ಆರಿಸಲಿಲ್ಲ. ಟರ್ಬೊ ತಣಿಯಲಿ ಎಂದು ಒಂದು ನಿಮಿಷ ಹಾಗೆಯೇ ಬಿಟ್ಟಳು. ಎರಡೂ ಕೈ ಸ್ಟಿಯರಿಂಗಿನ ಮೇಲೇ ಇದ್ದವು.

"ಐದ್-ನಲ್ವತ್ತ್ ಸಾಕ್. ಪೂರ್ತಿ ಸಿಂಥೆಟಿಕ್ ಹಾಕ್," ಎಂದಳು. "ಅಂಗಡಿಯವ್ರ್ ಹೇಳಿದ್ದ್ ಕೇಣ್ಬ್ಯಾಡ. ಟರ್ಬೊಕ್ಕೆ ಬೇಗ ಹೋಯ್ ಮುಟ್ಟುದ್ ಬೇಕ್. ಐವತ್ತ್ ಅರವತ್ತ್ ಎಲ್ಲ ನಿಂಗೆ ಬ್ಯಾಡ. ನೀನ್ ಅಷ್ಟ್ ಬಿಸಿ ಮಾಡುವಳೇ ಅಲ್ಲ."

"ನೀನ್ ಓಡ್ಸುದಾರೆ?"

ಅವಳು ಇಳಿದು ಬೂಟಿಗೆ ಕಾಲು ತೂರಿಸಿದಳು. ಅವಳ ಗಾಡಿ ತುಂಬಿತ್ತು, ಹೊರಡಿಸಬೇಕಿತ್ತು. ನಾನು ಕೀ ತೆಗೆದುಕೊಂಡು, ಇಷ್ಟು ದೂರ ಬಂದವಳು ಇದನ್ನೂ ಕೇಳಿಯೇ ಹೋಗೋಣವೆಂದು, "ಒಂದ್ ಆದಿತ್ಯವಾರ ಮನಿಗ್ ಬತ್ಯಾ?" ಎಂದೆ.

ಅವಳು ಕೈಗವಸು ಹಾಕಿಕೊಳ್ಳುತ್ತ ಹೇಳಿದಳು: "ಕಾಂಬ."

ನಮ್ಮ ಕುಂದಾಪ್ರದ ಮಾತು ಗೊತ್ತಿಲ್ಲದವರಿಗೆ ಹೇಳುತ್ತೇನೆ. 'ಕಾಂಬ' ಎಂದರೆ ನೋಡೋಣ, ಈಗಲೇ ಹೇಳಲಾಗದು ಎಂದೂ ಆಗುತ್ತದೆ. ಮತ್ತೆ ಸಿಗೋಣ, ಒಬ್ಬರನ್ನೊಬ್ಬರು ಕಾಣೋಣ ಎಂದೂ ಆಗುತ್ತದೆ. ಹೇಳುವವರ ಮುಖ ನೋಡಿ ತಿಳಿದುಕೊಳ್ಳಬೇಕು. ಅವಳು ಆಗಲೇ ಗಾಡಿಯ ಕಡೆ ತಿರುಗಿದ್ದಳು. ನನಗೆ ಕಂಡದ್ದು ಬೆನ್ನು ಮಾತ್ರ.

ಕುಂದಾಪುರದಲ್ಲಿ ನಿಲ್ಲಿಸಿ ಐದು ಡಬ್ಲ್ಯೂ ನಲವತ್ತು ತೆಗೆದುಕೊಂಡೆ. ಈ ಸಲ ಎರಡೇ ನಿಮಿಷ ಸಾಕಾಯಿತು. ಮನೆಗೆ ಬಂದು ಗಂಡನಿಗೆ ಎಲ್ಲವನ್ನೂ ಹೇಳಿದೆ. ಅವರು ರಂಗೋಲಿಯ ವಿಷಯಕ್ಕೆ ನಕ್ಕರು. ಕಾಗದದ ವಿಷಯಕ್ಕೆ ನಗಲಿಲ್ಲ. "ಬಂದ್ರೂ ಬರ್ಬಹುದ್," ಎಂದರು. ಭಾನುವಾರ ಬಂತು, ಹೋಯಿತು. ಗೇಟಿನ ಹತ್ತಿರ ಸದ್ದಾದಾಗಲೆಲ್ಲ ಎದ್ದು ನೋಡಿದೆ. ಅವಳು ಬರಲಿಲ್ಲ.

ಬರುವ ಭಾನುವಾರ ನಾನೇ ಗಂಗೊಳ್ಳಿಗೆ ಹೋಗುತ್ತೇನೆ. ಅವಳು ಹೇಳಿದ ಮಾತಿನ ಅರ್ಥ ಯಾವುದೆಂದು ಕೇಳುವುದಕ್ಕಲ್ಲ. ಸುಮ್ಮನೆ, ಅವಳನ್ನು ಕಾಂಬುಕೆ.